ರೂಲ್ ಪ್ರಕಾರವೇ ಚುಚ್ಚಿದ ಇಂಜೆಕ್ಷನ್

ನಮ್ಮ ಚಿಗವ್ವನಿಗೆ ಶುಗರ್ ಇಲ್ಲ. ಆದರೂ ಹೋದ ತಿಂಗಳು ಹಾವೇರಿಯ ಆಸ್ಪತ್ರೆಯೊಂದರಲ್ಲಿ ಆಕೆಗೆ ಇನ್ಸುಲಿನ್ ಚುಚ್ಚಿದರು. ಯಾಕೆ ಗೊತ್ತೇ? ಐವತ್ತು ವರ್ಷ ಸಂಸಾರ ಮಾಡಿದರೂ ಆಕೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ.

ಕರ್ಜಗಿಯ ಚಿಗವ್ವ ಜ್ವರಕ್ಕೆಂದು ಅಡ್ಮಿಟ್ ಆಗಿದ್ದಳು. ಹೆಸರು ಬಸವ್ವ. ಪಕ್ಕದ ಬೆಡ್ಡಿನಲ್ಲಿ ಬ್ಯಾಡಗಿ ಕಡೆಯ ಇನ್ನೊಬ್ಬ ಬಸವ್ವ, ಆಕೆಗೆ ಶುಗರ್. (ನಮ್ಮ ಜಿಲ್ಲೆಯ ಯಾವ ವಾರ್ಡಿನಲ್ಲಿ ಇಬ್ಬರು ಬಸವ್ವ ಇರುವುದಿಲ್ಲ ಹೇಳಿ?) ಇಂಥ ಗೊಂದಲ ಬೇಡವೆಂದೇ ಅಲ್ಲೊಂದು ರೂಲ್ ಇತ್ತು. ಸೂಜಿ ಚುಚ್ಚುವ ಮುನ್ನ ರೋಗಿಯ ಹೆಸರು, ಗಂಡನ ಹೆಸರು ಕೇಳಬೇಕು.

ನರ್ಸ್ ಕೇಳಿದಳು. ಚಿಗವ್ವ ಸೆರಗು ಬಾಯಿಗೆ ಹಿಡಿದಳು. ನರ್ಸ್ ಕೈಯಲ್ಲಿದ್ದ ಫೈಲು ನೋಡಿ ನಿಂಗಪ್ಪ ಅಲ್ಲವೇ ಎಂದಳು. ಚಿಗವ್ವ ಹೂಂ ಎಂದು ಗೋಣು ಹಾಕಿದಳು. ನಮ್ಮ ಕಾಕಾನ ಹೆಸರು ಶಿವಪ್ಪ! ನಿಂಗಪ್ಪ ಪಕ್ಕದ ಬೆಡ್ಡಿನ ಬಸವ್ವನ ಗಂಡ.

ಹೂಂ ಅಂದದ್ದು ಯಾಕೆ ಎಂದು ಆಮೇಲೆ ಕೇಳಿದರೆ ಉತ್ತರ ಸಿದ್ಧವಾಗಿತ್ತು. "ಅಲ್ಲ ಅಂದ್ರ ಖರೇ ಹೆಸರು ಹೇಳಬೇಕಾಗ್ತಿತ್ತಲ್ಲ."

ಐದು ನಿಮಿಷದಲ್ಲಿ ಪಕ್ಕದ ಬಸವ್ವ ತನ್ನ ಇಂಜೆಕ್ಷನ್ ಎಲ್ಲಿ ಎಂದು ಕೇಳಿದಾಗ ನರ್ಸಿಗೆ ತನ್ನ ತಪ್ಪು ಹೊಳೆಯಿತು. ಆದರೆ ಮುಚ್ಚಿಡಲಿಲ್ಲ. ಡ್ಯೂಟಿ ಡಾಕ್ಟರನ್ನು ಕರೆಸಿ, ಗ್ಲೂಕೋಸ್ ಹಚ್ಚಿಸಿ, ನೆಟ್ಟಗೆ ಮುಖ್ಯ ವೈದ್ಯೆಯ ಕೋಣೆಗೆ ಹೋಗಿ ತಪ್ಪು ಒಪ್ಪಿಕೊಂಡಳು. ಚಿಗವ್ವ ಒಂದಿಷ್ಟು ಬೆವತಳು. ಸಂಜೆಗೆ ಎದ್ದು ಕೂತು ಚಹಾ ಕೇಳಿದಳು.

ನಾನು? ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಆಸ್ಪತ್ರೆಯ ಮಾನ ಕಳೆಯುವ ಅಂಕಣವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ. ಆ ನರ್ಸನ್ನು ಇವತ್ತೇ ಮನೆಗೆ ಕಳಿಸಿ ಎಂದು ಮುಖ್ಯ ವೈದ್ಯೆಯ ಮುಂದೆ ಹಾರಾಡಿದೆ. ಅವರು ನೀರು ಕೊಟ್ಟು, ನನ್ನನ್ನೂ ವಾರ್ಡಿಗೆ ಕರೆದೊಯ್ದರು. ನರ್ಸುಗಳನ್ನೆಲ್ಲ ಸೇರಿಸಿ, ದಿನಾ ಈ ರೂಲ್ ಹೇಗೆ ನಡೆಯುತ್ತದೆ ಎಂದು ವಿಚಾರಿಸಿದರು.

ಮೊದಲು ಮಾತಾಡಿದ್ದು ಅದೇ ನರ್ಸ್. "ವಯಸ್ಸಾದವ್ರು ಯಾರೂ ಗಂಡನ ಹೆಸರು ಹೇಳಂಗಿಲ್ರಿ ಮೇಡಂ. ನಾವ ಓದಿ ಹೇಳ್ತೀವಿ, ಅವ್ರು ಹೂಂ ಅಂತಾರ. ಎರಡು ಸಲ ನಿಮಗ ಹೇಳಿದ್ವಿ. ರೂಲ್ ಅಂದ್ರ ರೂಲ್ ಅಂದ್ರಿ."

ಈ ಹುಡುಗಿಯ ಕೆಲಸ ಹೋಯಿತು ಎಂದೇ ನಾನು ಅಂದುಕೊಂಡೆ. (ನಿಜ ಹೇಳುತ್ತೇನೆ, ಅಷ್ಟರಲ್ಲಿ ಅವಳ ಮೇಲೆ ನನಗೇ ಕನಿಕರ ಹುಟ್ಟಿತ್ತು.)

"ಖರೇ ಐತಿ," ಎಂದರು ಮುಖ್ಯ ವೈದ್ಯೆ. "ನೀವು ಹೇಳಿದ್ರಿ, ನಾ ಕೇಳಲಿಲ್ಲ. ಈ ತಪ್ಪಿನ್ಯಾಗ ನಂದ ದೊಡ್ಡ ಪಾಲು."

ಅವತ್ತೇ ರೂಲ್ ಬದಲಾಯಿತು. ಫೈಲಿನಿಂದ ಯಾರೂ ಓದಿ ಹೇಳುವಂತಿಲ್ಲ. ರೋಗಿಯೇ ತನ್ನ ಹೆಸರು, ಊರು ಹೇಳಬೇಕು. ಕೈಗೆ ಕಟ್ಟಿದ ಪಟ್ಟಿಯ ನಂಬರ್ ಫೈಲಿನ ನಂಬರಿಗೆ ತಾಳೆಯಾಗಬೇಕು. ಮೂರು ದಿನ ಬಿಟ್ಟು ಮೇಡಂ ಮತ್ತೆ ಬಂದು, ಹೊಸದರಲ್ಲಿ ಏನು ತೊಡಕು ಎಂದು ಕೇಳಿದರು. ಸ್ನಾನಕ್ಕೆ ಹೋಗುವಾಗ ಅಜ್ಜಿಯರು ಪಟ್ಟಿ ಬಿಚ್ಚಿಡುತ್ತಾರಂತೆ. ಸರಿ, ಅದಕ್ಕೂ ದಾರಿ ಹುಡುಕಲು ಕೂತರು.

ಆಸ್ಪತ್ರೆ ನಡೆಸುವವರಿಂದ ನಾನು ಬಯಸುವುದು ಇಷ್ಟೇ. ಗುಣಮಟ್ಟದ ಬೋರ್ಡು, ಸರ್ಕ್ಯುಲರ್ ಎಲ್ಲ ಇರಲಿ. ವಾರಕ್ಕೊಮ್ಮೆ ವಾರ್ಡಿನ ಸ್ಟೂಲಿನ ಮೇಲೆ ಕೂತು, ಎಲ್ಲಿ ಎಡವುತ್ತಿದ್ದೇವೆ ಎಂದು ಕೇಳಿ. ಕೇಳಿದ ಮೇಲೆ ಸಿಟ್ಟಾಗಬೇಡಿ. ಸುಧಾರಣೆ ತಾನಾಗಿ ಬರುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ನರ್ಸ್ ಅಲ್ಲೇ ಇದ್ದಾಳೆ. ಹೊಸಬರಿಗೆ ಕೆಲಸ ಕಲಿಸುವುದು ಈಗ ಅವಳದೇ ಜವಾಬ್ದಾರಿ. ನಿಮ್ಮಲ್ಲಿ ಹೇಗೆ? ತಪ್ಪು ಒಪ್ಪಿಕೊಳ್ಳಲು ಸಾಹೇಬರ ಕೋಣೆಗೆ ಹೋದವರು ಯಾರಾದರೂ ಕೆಲಸ ಉಳಿಸಿಕೊಂಡು ಹೊರಗೆ ಬಂದಿದ್ದಾರೆಯೇ?