ಟೆಂಟಿನ ತೋಳಿಗೆ ಹಾಕಿದ ಗಂಟು

ದೆವ್ವ, ಭೂತ, ಸತ್ತವರ ಆತ್ಮ ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ಅರವತ್ತು ದಾಟುವವರೆಗೂ ನಂಬಿದ್ದವನು ನಾನು. ಸೈನ್ಯದಲ್ಲಿದ್ದಾಗ ಹಿಮದ ಪೋಸ್ಟೊಂದರಲ್ಲಿ ಒಂದು ಪದ್ಧತಿ ಇತ್ತು. ಹಿಂದೆಂದೋ ಅಲ್ಲಿ ತೀರಿಕೊಂಡ ಜವಾನನಿಗೂ ಟೆಂಟಿನಲ್ಲಿ ಒಂದು ಸ್ಲೀಪಿಂಗ್ ಬ್ಯಾಗ್ ಹಾಸಿ, ತಲೆಯ ಹತ್ತಿರ ಒಂದು ಮಗ್ಗು ನೀರು ಇಡುತ್ತಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಗು ಸುಕ್ಕಾಗಿರುತ್ತದೆ ಎಂದು ಆಣೆ ಮಾಡಿ ಹೇಳುವವರಿದ್ದರು. ನಾನು ನಗುತ್ತಿದ್ದೆ. ನನ್ನ ಬ್ಯಾಗು ಒದ್ದೆಯಾದ ಒಂದು ದಿನ ಆ ಸತ್ತವನ ಬ್ಯಾಗಿನೊಳಗೇ ನುಗ್ಗಿ ಮಲಗಿದ್ದೆ. ನಿದ್ದೆಯೂ ಚೆನ್ನಾಗಿ ಬಂತು.

ಈಗ ಬರೆಯುತ್ತಿರುವುದರಲ್ಲಿ ನಾನು ಮಾಡಿದ ತಪ್ಪೊಂದಿದೆ, ನನಗೆ ಅರ್ಥವಾಗದ ಸಂಗತಿಯೊಂದಿದೆ. ಅರ್ಥವಾಗದ್ದನ್ನು ನೀವು ನಂಬದಿದ್ದರೂ ನಡೆಯುತ್ತದೆ. ತಪ್ಪನ್ನು ಮಾತ್ರ ನಂಬಿ.

ಮೊದಲು ಗಂಟಿನ ವಿಷಯ ಹೇಳಬೇಕು. ನನ್ನ ಊರು ಶಿಕಾರಿಪುರ ತಾಲ್ಲೂಕಿನಲ್ಲಿ, ಉಡುತಡಿಯ ಪಕ್ಕ. ಮನೆಯಲ್ಲಿ ಕೆಂದ ಎಂಬ ಎತ್ತಿತ್ತು. ಅದು ಕಟ್ಟಿದ ಕಣ್ಣಿ ಹಗ್ಗದ ತುದಿಯನ್ನು ಬಾಯಲ್ಲಿ ಕಚ್ಚಿ ಎಳೆದು, ಬಿಚ್ಚಿಕೊಂಡು, ಪಕ್ಕದವರ ಜೋಳಕ್ಕೆ ನುಗ್ಗುತ್ತಿತ್ತು. ಬೈಸಿಕೊಂಡು ಬೈಸಿಕೊಂಡು ಸಾಕಾಗಿ ಅಪ್ಪ ತನ್ನದೇ ಒಂದು ಗಂಟು ಮಾಡಿಕೊಂಡ. ಎಳೆದಷ್ಟೂ ಬಿಗಿಯುವ ಗಂಟು. ಅದರ ಬಾಲವನ್ನು ಹಿಂದಕ್ಕೆ ತಿರುಗಿಸಿ ಗಂಟಿನ ಹೊಟ್ಟೆಯೊಳಗೇ ಸಿಕ್ಕಿಸಿಬಿಡುವುದು. ಎತ್ತಿಗೆ ಕಚ್ಚಲು ತುದಿಯೇ ಸಿಗುವುದಿಲ್ಲ. ಎಲ್ಲಿ ಬೆರಳು ತೂರಿಸಬೇಕು ಎಂದು ಗೊತ್ತಿದ್ದವನಿಗೆ ಒಂದೇ ಎಳೆತಕ್ಕೆ ಬಿಚ್ಚುತ್ತದೆ. ನಾನು ಎಡಚ. ಅಪ್ಪನ ಎದುರಿಗೆ ಕೂತು ಕಲಿತದ್ದರಿಂದ ಎಲ್ಲವನ್ನೂ ತಿರುವುಮುರುವಾಗಿ ಹಾಕುತ್ತಿದ್ದೆ. ನನ್ನ ಗಂಟು ಅಪ್ಪನಿಗೂ ಬಿಚ್ಚಲು ಬರುತ್ತಿರಲಿಲ್ಲ.

ಪರಶುರಾಮ ಸೊರಬ ತಾಲ್ಲೂಕಿನ ಉಳವಿಯವನು. ನಾವೆಲ್ಲ ಪರಸ ಎನ್ನುತ್ತಿದ್ದೆವು. ಆ ಪೋಸ್ಟಿನಲ್ಲಿ ಕನ್ನಡದವರು ನಾವಿಬ್ಬರೇ ಇದ್ದದ್ದರಿಂದ ಒಂದೇ ಟೆಂಟು ಕೊಟ್ಟಿದ್ದರು. ಬಾಗಿಲ ಬಟ್ಟೆಗೆ ನಾನು ಗಂಟು ಹಾಕಿದಾಗಲೆಲ್ಲ ಅವನು ರೇಗಿಸುತ್ತಿದ್ದ.

"ಎಂತ ಮಾರಾಯ, ಟೆಂಟ್ ಕಟ್ಟಿದ್ಯೋ ಎತ್ತು ಕಟ್ಟಿದ್ಯೋ? ರಾತ್ರಿ ಉಚ್ಚೆ ಬಂದ್ರೆ ನಿನ್ನ ಎಬ್ಬಿಸಿ ಬಿಚ್ಚಿಸ್ಕೊಂಡು ಹೋಗ್ಬೇಕಾ ನಾನು?"

"ಎಬ್ಬಿಸು. ಕೈ ಮುಗ್ದು ಕೇಳು, ಬಿಚ್ಚತೀನಿ" ಎನ್ನುತ್ತಿದ್ದೆ ನಾನು.

ಅದು ಇಬ್ಬರು ಮಲಗುವ ಎರಡು ಪದರದ ಬಿಳಿ ಟೆಂಟು. ಮಧ್ಯೆ ಬುಖಾರಿ, ಅಂದರೆ ಸೀಮೆಎಣ್ಣೆಯ ಒಲೆ. ಹೊಗೆ, ಕೆಟ್ಟ ಗಾಳಿ ಹೊರಗೆ ಹೋಗಲಿ ಎಂದು ಮೇಲುಗಡೆ ಬಟ್ಟೆಯ ಒಂದು ಕೊಳವೆ ಇತ್ತು. ಅಂಗಿಯ ತೋಳಿನ ಹಾಗಿದ್ದ ಅದನ್ನು ನಾವು ತೋಳು ಎಂದೇ ಕರೆಯುತ್ತಿದ್ದೆವು. ಬಾಯಿ ಕಟ್ಟಲು ಹತ್ತಿಯ ಬಿಳಿ ಪಟ್ಟಿಗಳು, ಒಳಗೊಂದು, ಹೊರಗೊಂದು. ಬುಖಾರಿ ಉರಿಯುವಷ್ಟು ಹೊತ್ತು ತೋಳು ತೆರೆದಿರಬೇಕು. ಇದು ಎಲ್ಲರಿಗೂ ಬಾಯಿಪಾಠ ಮಾಡಿಸಿದ ನಿಯಮ. ತಪ್ಪಿದರೆ ಮಲಗಿದವನು ಕೆಮ್ಮುವುದೂ ಇಲ್ಲ, ಹಾಗೇ ಹೋಗಿಬಿಡುತ್ತಾನೆ.

ಕಷ್ಟ ಏನೆಂದರೆ ನನ್ನ ಹಾಸಿಗೆ ಆ ತೋಳಿನ ಕೆಳಗೇ ಇತ್ತು. ಗಾಳಿ ಬೀಸಿದಾಗ ಹಿಟ್ಟು ಉದುರಿದ ಹಾಗೆ ಹಿಮ ಬಿದ್ದು ನನ್ನ ಬ್ಯಾಗು ಒದ್ದೆಯಾಗುತ್ತಿತ್ತು. ನಾನು ತೋಳು ಮುಚ್ಚುತ್ತಿದ್ದೆ, ಪರಸ ತೆರೆಯುತ್ತಿದ್ದ. ಜಾಗ ಬದಲಿಸೋಣ ಬಾ ಎಂದು ಅವನು ಎರಡು ಸಲ ಕರೆದ. ನಾನು ಒಪ್ಪಲಿಲ್ಲ. ಯಾಕೆಂದರೆ ಬುಖಾರಿಗೆ ಹತ್ತಿರ ಇದ್ದದ್ದು ನನ್ನ ಜಾಗ. ನನಗೆ ಬೆಂಕಿಯೂ ಬೇಕಿತ್ತು, ಹಿಮವೂ ಬೀಳಬಾರದಿತ್ತು.

ಆ ರಾತ್ರಿ ಅವನಿಗೆ ಜ್ವರ. ನನಗೆ ಎರಡು ಗಂಟೆ ಹೊತ್ತಿನ ಪಹರೆ. ಬುಖಾರಿ ಸಣ್ಣಗೆ ಉರಿಯುತ್ತಿತ್ತು. ಹೊರಡುವಾಗ ಹೇಳಿದೆ, "ಪರಸ, ನಾ ಬರೋ ಹೊತ್ತಿಗೆ ಬ್ಯಾಗ್ ಒಣಗಿರಬೇಕು. ತೋಳು ಮುಚ್ಚು."

"ಆಗಲ್ಲ ಕಣೋ. ನೀನು ಹೊರಗೆ ಹೋಗ್ತಿ, ಸಾಯೋದು ನಾನು" ಎಂದು ನಕ್ಕ.

ಆ ನಗುವನ್ನು ಸಹಿಸಲು ನನಗೆ ಆಗಲಿಲ್ಲ. ಹೊರಗೆ ಬಂದು, ಟೆಂಟಿನ ಹಿಂಭಾಗಕ್ಕೆ ಹೋಗಿ, ತೋಳನ್ನು ಹಿಂಡಿ ಹೊರಗಿನ ಪಟ್ಟಿಯಿಂದ ಕಟ್ಟಿದೆ. ನನ್ನ ಗಂಟು ಹಾಕಿ ಬಾಲವನ್ನು ಒಳಗೆ ಸಿಕ್ಕಿಸಿದೆ. ಅವನು ಎದ್ದು ಬಂದರೂ ಬಿಚ್ಚಬಾರದು ಎಂದೇ ಹಾಗೆ ಮಾಡಿದೆ. ಸಾಯಲಿ ಎಂದು ಮಾಡಲಿಲ್ಲ. ಅವನು ಸಾಯಬಹುದು ಎಂಬುದು ನನಗೆ ಗೊತ್ತಿರಲಿಲ್ಲ ಎನ್ನಲೂ ಆಗುವುದಿಲ್ಲ. ಗೊತ್ತಿದ್ದನ್ನು ಆ ಎರಡು ಗಂಟೆ ನೆನಪಿಗೆ ತಂದುಕೊಳ್ಳಲಿಲ್ಲ, ಅಷ್ಟೇ.

ತಿರುಗಿ ಬಂದಾಗ ಟೆಂಟಿನೊಳಗೆ ಬೆಚ್ಚಗಿತ್ತು. ನನ್ನ ಬ್ಯಾಗು ಒಣಗಿತ್ತು. ಪರಸನ ಮುಖ ಜ್ವರ ಬಿಟ್ಟವನ ಹಾಗೆ ಕೆಂಪಗೆ, ಚೆಂದ ಕಾಣುತ್ತಿತ್ತು. ಉಸಿರಿರಲಿಲ್ಲ.

ಇಲ್ಲಿ ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಮೊದಲು ಕೂಗಲಿಲ್ಲ. ಹೊರಗೆ ಓಡಿ, ಮರಗಟ್ಟಿದ ಬೆರಳಿಗೆ ಗಂಟು ಬಿಚ್ಚಲು ಬಾರದೆ, ಚಾಕುವಿನಿಂದ ಪಟ್ಟಿಯನ್ನು ಗಂಟಿನ ಎರಡೂ ಕಡೆ ಕತ್ತರಿಸಿದೆ. ಗಂಟನ್ನು ಒಳಗೆ ತಂದು ಬುಖಾರಿಗೆ ಹಾಕಿದೆ. ಅದು ಹೊತ್ತಿ, ಮುದುಡಿ, ಕರ್ರಗಾಗಿದ್ದನ್ನು ನಿಂತು ನೋಡಿದೆ. ಆಮೇಲೆ ಕೂಗಿದೆ.

ವಿಚಾರಣೆಯಲ್ಲಿ, ತೋಳನ್ನು ಪರಸನೇ ಒಳಗಿನಿಂದ ಕಟ್ಟಿಕೊಂಡಿದ್ದ, ಚಳಿಗೆ ಹಾಗೆ ಮಾಡುವ ಅಭ್ಯಾಸ ಅವನಿಗಿತ್ತು, ನಾನು ಬಂದು ಬಿಚ್ಚಿದೆ ಎಂದೆ. ಕತ್ತರಿಸಿದ ಪಟ್ಟಿಯ ಬಗ್ಗೆ ಯಾರೂ ಕೇಳಲಿಲ್ಲ. ಸ್ವಂತ ಅಜಾಗರೂಕತೆಯಿಂದ ಸಾವು ಎಂದು ಬರೆದುಕೊಂಡರು. ಅವನ ಸಾಮಾನನ್ನು ಟ್ರಂಕಿಗೆ ತುಂಬುವ ಕೆಲಸ ನನಗೇ ಬಂತು. ಒಂದೊಂದೇ ತೆಗೆದು, ಲೆಕ್ಕ ಬರೆದು, ಮಡಚಿ ಇಟ್ಟು, ಬೀಗ ಹಾಕಿ, ಮೇಲೆ ಅರಗಿನ ಮುದ್ರೆ ಬಿದ್ದದ್ದನ್ನೂ ನೋಡಿದೆ.

ಆಮೇಲೆ ಮೂವತ್ತು ವರ್ಷ ನಾನು ಉಳವಿಯ ಕಡೆ ಕಾಲು ಹಾಕಲಿಲ್ಲ. ಪೆನ್ಷನ್ ಬಂದ ಮೇಲೆ ಶಿಕಾರಿಪುರದಲ್ಲಿ ಮನೆ ಮಾಡಿದೆ. ಸೊರಬದ ಬಸ್ಸು ದಿನಾ ಮನೆ ಮುಂದೆಯೇ ಹೋಗುತ್ತಿತ್ತು. ನಾನು ಬೋರ್ಡು ಓದುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ, ಮಾಜಿ ಸೈನಿಕರ ಸಭೆಯಲ್ಲಿ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. "ಉಳವಿ ಸರೋಜಮ್ಮ ಅಂತ, ಪರಶುರಾಮನ ಅಕ್ಕ. ತಮ್ಮನ ಜೊತೆ ಇದ್ದವರು ಯಾರಾದ್ರೂ ಬದುಕಿದ್ರೆ ಒಂದ್ಸಲ ಬಂದು ಹೋಗ್ಲಿ ಅಂತ ಹೇಳಿ ಕಳಿಸ್ಯಾರ. ಹೋಗಿ ಬರ್ರಿ, ಪಾಪ, ವಯಸ್ಸಾಗೇತಿ" ಎಂದರು. ಎಲ್ಲರ ಮುಂದೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಬೇಸಿಗೆಯ ಮಧ್ಯಾಹ್ನ. ಬಸ್ಸಿನಿಂದ ಇಳಿದರೆ ಎದುರಿಗೇ ಅವರ ಟೈಲರ್ ಅಂಗಡಿ. ಎಪ್ಪತ್ತರ ಹತ್ತಿರದ ಹೆಂಗಸು, ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ನನ್ನ ಹೆಸರು ಕೇಳಿದ ಕೂಡಲೇ ಎದ್ದು ನಿಂತರು. "ಅವನು ಕಾಗದದಲ್ಲಿ ಬರೀತಿದ್ನಲ್ಲ, ಎತ್ತಿನ ಗೌಡ, ಎತ್ತಿನ ಗೌಡ ಅಂತ... ನೀವೇನಾ?" ಎಂದು ನಕ್ಕರು. ಪರಸನದೇ ನಗು.

ಊಟ ಬಡಿಸಿ, ಎದುರು ಕೂತು ಅವರೇ ಹೇಳಿದರು. ಸತ್ತ ಸುದ್ದಿ ಬಂದಾಗ ಊರಿನ ಶಾಲೆಯ ಕೋಣೆಗೆ ಪರಸನ ಹೆಸರು ಇಡುತ್ತೇವೆ ಎಂದಿದ್ದರಂತೆ. ಸ್ವಂತ ಅಜಾಗರೂಕತೆ ಎಂದು ಕಾಗದ ಬಂದ ಮೇಲೆ ಆ ಮಾತು ನಿಂತಿತು. "ಅಪ್ಪ ಆಮೇಲೆ ಅವನ ಹೆಸರು ಎತ್ತಲಿಲ್ಲ. ಒಲೆ ಆರಿಸೋಕೂ ಬರದ ಮಗ ಅಂತ ಒಂದೇ ಸಲ ಅಂದಿದ್ದು. ಹಂಗೇ ಹೋದರು" ಎಂದರು. ನಾನು ಅನ್ನ ಕಲಸುತ್ತಲೇ ಇದ್ದೆ.

ಕೈ ತೊಳೆದು ಬಂದಾಗ ದೇವರ ಗೂಡಿನಿಂದ ಅರಿಶಿನ ಕುಂಕುಮ ಮೆತ್ತಿದ ಪುಟ್ಟ ಉಂಡೆಯೊಂದನ್ನು ತಂದು ನನ್ನ ಮುಂದೆ ಇಟ್ಟರು.

"ಇದು ಟ್ರಂಕಿನಲ್ಲಿ ಇತ್ತು, ಅವನ ಸ್ವೆಟರ್ ಒಳಗೆ. ಚಂದ್ರಗುತ್ತಿ ಅಮ್ಮನಿಗೆ ಹರಕೆ ಹೊತ್ತು ಕಟ್ಟಿದ ಮುಡಿಪು ಇರ್ಬೇಕು. ಬಿಚ್ಚಿ ಕಾಣಿಕೆ ಹಾಕಿ ಬರೋಣ ಅಂದ್ರೆ ಬಿಚ್ಚೋಕೇ ಬರಲ್ಲ. ಐವತ್ತು ವರ್ಷದಿಂದ ಹೊಲೀತಿದೀನಿ ನಾನು, ಸೂಜಿ ಹಾಕಿದೆ, ದಬ್ಬಳ ಹಾಕಿದೆ, ತುದೀನೇ ಸಿಗಲ್ಲ. ಕತ್ತರಿ ಹಾಕೋದು ಬೇಡ, ಕಟ್ಟಿದವನೋ ಅವನ ಜೊತೆಗಿದ್ದವನೋ ಬಿಚ್ಬೇಕು ಅಂದ್ರು ಭಟ್ರು. ಹರಕೆ ತೀರಿಸದೆ ನಾನು ಹೆಂಗೆ ಸಾಯ್ಲಿ?"

ಅರಿಶಿನದ ಕೆಳಗೆ ಬಿಳಿ ಹತ್ತಿಯ ಪಟ್ಟಿ. ಎರಡೂ ತುದಿ ಚಾಕುವಿನಿಂದ ಓರೆಯಾಗಿ ಕತ್ತರಿಸಿದ್ದು. ಸುಟ್ಟ ಗುರುತಿಲ್ಲ. ನಡುವೆ ನನ್ನ ಗಂಟು, ಎಡಗೈಯದು, ಬಾಲ ಒಳಗೆ ಸಿಕ್ಕಿಸಿದ್ದು.

ನನಗೆ ಗೊತ್ತಿಲ್ಲ ಎಂದು ಹೇಳಿ ಎದ್ದು ಬರಬಹುದಿತ್ತು. ಹಾಗೆ ಹೇಳಬೇಕು ಎಂದೇ ಬಾಯಿ ತೆರೆದೆ. ಅಷ್ಟರಲ್ಲಿ ಕೈ ಅದನ್ನು ಎತ್ತಿಕೊಂಡಿತ್ತು. ಎಡಗೈಯ ಹೆಬ್ಬೆರಳು ತಾನೇ ಜಾಗ ಹುಡುಕಿ ಒಳಗೆ ತೂರಿತು. ಒಂದೇ ಎಳೆತ. ಬಿಚ್ಚಿಕೊಂಡಿತು.

ಒಳಗೆ ಕಾಣಿಕೆ ಇರಲಿಲ್ಲ, ಏನೂ ಇರಲಿಲ್ಲ. ಆದರೆ ಪಟ್ಟಿಯ ಒಳಮಡಿಕೆ ಒದ್ದೆಯಾಗಿತ್ತು. ಬೆವರಲ್ಲ. ಮೂಳೆಗೆ ಹತ್ತುವ ತಣ್ಣೀರು, ಕರಗಿದ ಹಿಮದ್ದು. ಎರಡು ಹನಿ ನೆಲಕ್ಕೆ ಬಿತ್ತು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ಸರೋಜಮ್ಮ ಬಗ್ಗಿ ಆ ಹನಿಯನ್ನು ಬೆರಳಿಂದ ಮುಟ್ಟಿದರು. "ತಣ್ಣಗಿದೆ" ಎಂದರು. ಹಾಗಾಗಿ ನನ್ನ ಭ್ರಮೆ ಎಂದುಕೊಳ್ಳುವ ದಾರಿಯೂ ನನಗಿಲ್ಲ.

ಆಮೇಲೆ ನನ್ನ ಕೈ ನೋಡಿದರು.

"ಗಂಟು ನಿಮ್ಮದು" ಎಂದರು. ಅವರು ಅದನ್ನು ಪ್ರಶ್ನೆಯಾಗಿ ಕೇಳಲಿಲ್ಲ.

ಎಲ್ಲ ಹೇಳಿದೆ. ತೋಳು, ಚಾಕು, ಬುಖಾರಿ, ವಿಚಾರಣೆ, ಒಣಗಿದ್ದ ನನ್ನ ಬ್ಯಾಗು. ಅವರು ಅಳಲಿಲ್ಲ. "ಮೂವತ್ತು ವರ್ಷ ದಿನಾ ಬೆಳಿಗ್ಗೆ ನಾನು ಇದಕ್ಕೆ ಕೈ ಮುಗಿದೆ" ಎಂದಷ್ಟೇ ಅಂದರು. "ನನಗೆ ಹೇಳಿದ್ದು ಸಾಕಾಗಲ್ಲ. ಶಾಲೆ ಹತ್ರ ನಾಲ್ಕು ಜನರನ್ನ ಕೂಡಿಸ್ತೀನಿ. ಬಂದು ಹೇಳಿ. ಅವನು ತೋಳು ಮುಚ್ಚಿರಲಿಲ್ಲ ಅಂತ ಒಂದು ಮಾತು" ಎಂದರು. ಬರುತ್ತೇನೆ ಎಂದೆ. ಪಟ್ಟಿಯನ್ನು ಬಿಚ್ಚಿದ ಹಾಗೇ ಅವರ ಹೊಲಿಗೆ ಯಂತ್ರದ ಮೇಲೆ ಬಿಟ್ಟು ಬಂದೆ.

ಹೋಗಲಿಲ್ಲ. ಮೊದಲ ತಿಂಗಳು ಮಂಡಿ ನೋವು ಎಂದೆ. ಮಳೆಗಾಲ ಕಳೆಯಲಿ ಎಂದೆ. ಆಮೇಲೆ ಅವರ ಫೋನು ಬಂದರೆ ಎತ್ತಲಿಲ್ಲ. ಎರಡು ವರ್ಷ ಕಳೆದ ಮೇಲೆ ಅವರು ಫೋನು ಮಾಡುವುದನ್ನೂ ಬಿಟ್ಟರು. ಯುವಕನಾಗಿದ್ದಾಗ ಮಾಡಿದ ತಪ್ಪಿಗೆ ಕೋಪ ಎಂಬ ಹೆಸರಾದರೂ ಇದೆ. ಮುದುಕನಾಗಿ ಮಾಡಿದ ಇದಕ್ಕೆ ಏನು ಹೆಸರು ಇಡಲಿ?

ಹೋದ ವರ್ಷ ಸರೋಜಮ್ಮ ತೀರಿಕೊಂಡರು. ತಿಂಗಳಾದ ಮೇಲೆ ಅವರ ಮಗಳು ನಮ್ಮ ಊರಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಕವರು ಕಳಿಸಿದಳು. ಒಳಗೆ ಅದೇ ಪಟ್ಟಿ. ಓರೆ ಕತ್ತರಿಸಿದ ತುದಿಗಳು, ಮೇಲೆ ಹಳೆಯ ಅರಿಶಿನ. ನಡುವೆ ಗಂಟು. ಎಡಗೈಯದು, ಬಾಲ ಒಳಗೆ ಸಿಕ್ಕಿಸಿದ್ದು.

ಆ ಹುಡುಗಿಗೆ ಫೋನು ಮಾಡಿದೆ. "ಇದನ್ನ ಮತ್ತೆ ಕಟ್ಟಿದ್ದು ಯಾರಮ್ಮ?"

"ಯಾರು ಕಟ್ತಾರೆ ಮಾವ, ಅದು ಯಾವಾಗ್ಲೂ ಹಂಗೇ ಇತ್ತಲ್ಲ. ಅಮ್ಮಂಗೆ ಕೊನೆವರೆಗೂ ಬಿಚ್ಚೋಕೆ ಆಗ್ಲೇ ಇಲ್ಲ. ಶಿಕಾರಿಪುರದ ಮಾವ ಬಂದು ಬಿಚ್ತಾರೆ ಅಂತಿದ್ರು."

ಬುದ್ಧಿ ಖರ್ಚು ಮಾಡಿ ಯೋಚಿಸಿದ್ದೇನೆ. ಅಂದು ಬುಖಾರಿಗೆ ಬೇರೇನೋ ಹಾಕಿ, ಗಂಟನ್ನು ನಾನೇ ಸ್ವೆಟರಿನಲ್ಲಿ ಇಟ್ಟಿರಬಹುದೇ? ಹೆದರಿದ ಮನುಷ್ಯ ಏನು ಮಾಡುತ್ತಾನೋ ಅವನಿಗೇ ತಿಳಿಯುವುದಿಲ್ಲ. ನಾನು ಬಿಚ್ಚಿದ್ದನ್ನು ಒಂದೇ ಸಲ ನೋಡಿ, ಹೊಲಿಗೆಯ ಕಣ್ಣಿದ್ದ ಆ ಹೆಂಗಸು ತಾನೇ ಮತ್ತೆ ಕಟ್ಟಿರಬಹುದೇ? ಇರಬಹುದು. ಆದರೆ ಆ ನೀರು ಎಲ್ಲಿಂದ ಬಂತು?

ಗಂಟು ಈಗ ನನ್ನ ಮೇಜಿನ ಮೇಲಿದೆ. ಹೆಬ್ಬೆರಳು ಎಲ್ಲಿ ಇಡಬೇಕೆಂದು ಗೊತ್ತು. ಇಟ್ಟಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಹೋಗಿ ಉಳವಿಯ ಶಾಲೆಯ ಮುಂದೆ ಈ ಕಾಗದ ಓದಬೇಕೆಂದಿದ್ದೇನೆ. ಹಿಂದೆಯೂ ಹೀಗೆ ಅಂದುಕೊಂಡಿದ್ದೆ, ಆದ್ದರಿಂದ ನನ್ನ ಮಾತನ್ನು ನೀವು ನೆಚ್ಚಬೇಡಿ. ಅದಕ್ಕೇ ಇಲ್ಲಿಯೇ ಬರೆದಿಡುತ್ತೇನೆ. ಪರಶುರಾಮ ತೋಳು ಮುಚ್ಚಿರಲಿಲ್ಲ. ಹೊರಗಿನಿಂದ ಮುಚ್ಚಿದವನು ನಾನು.

ಈ ಸಾಲು ಬರೆದು ತಲೆಯೆತ್ತಿ ನೋಡಿದೆ. ಗಂಟಿನ ಕೆಳಗೆ, ಮೇಜಿನ ಮರ ಕಪ್ಪಗೆ ನೆನೆದಿದೆ.