ಐದು ಜನಕ್ಕೆ ಒಂದು ಊಟ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಸ್ಟೂಲು, ಅದೇ ಚಕ್ರ, ಗಾಜಿನ ಮೇಲೆ ಸಣ್ಣಗೆ ಇಳಿಯುವ ಅದೇ ನೀರು. ಚಕ್ರ ತಿರುಗತೊಡಗಿದರೆ ಅವನ ಮನಸ್ಸು ಎಲ್ಲೆಲ್ಲೋ ಅಲೆದು ಬರುತ್ತಿತ್ತು. ಕೈ ಮಾತ್ರ ಎಂದೂ ತಪ್ಪಿದ್ದಿಲ್ಲ. "ಇವನು ಕಣ್ಣು ಬಿಟ್ಕೊಂಡೇ ಕನಸು ಕಾಣೋನು" ಎನ್ನುತ್ತಿದ್ದಳು ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಅಂಗಿಯ ಬಟ್ಟೆ ಕೊಳ್ಳುವುದಕ್ಕೂ ಅವಳನ್ನು ಕೇಳುತ್ತಿದ್ದವನು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿಬಿಟ್ಟ. ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಹೆಂಗಸನ್ನು, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ.

ಅವಳು ಮೊದಲ ಸಲ ಅಂಗಡಿಗೆ ಬಂದದ್ದು ಮುರಿದ ಕನ್ನಡಕ ಹಿಡಿದುಕೊಂಡು. ಬೆರಳ ತುದಿಗಳಲ್ಲಿ ಅಂಟು ಒಣಗಿತ್ತು. ಯಾವ ಫ್ರೇಮು ಬೇಕೆಂದು ಕೇಳಿದರೆ, "ಯಾವುದಾದ್ರೂ ಆಗುತ್ತೆ" ಎಂದಿದ್ದಳು. ಒಂದು ವರ್ಷದ ಪರಿಚಯದ ನಂತರ ಮದುವೆಯ ಮಾತೆತ್ತಿದಾಗಲೂ "ಆಗಲಿ" ಎಂದಳು. ಆ ಮಾತು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಅದು ಒಪ್ಪಿಗೆಯೋ, ಫ್ರೇಮಿಗೆ ಹೇಳಿದಂಥದೇ ಮಾತೋ?

ಎರಡೂ ಮನೆಯವರು ಒಬ್ಬರನ್ನೊಬ್ಬರು ನೋಡಬೇಕಿತ್ತು. ಭಾನುವಾರ ಮಧ್ಯಾಹ್ನ ತನ್ನ ಮನೆಗೇ ಊಟಕ್ಕೆ ಕರೆದ. ಅಕ್ಕ, ಬಸ್ಸು ಓಡಿಸುವ ಭಾವ, ಅವಳು, ಅವಳ ತಾಯಿ. ಎಲ್ಲರೂ ಸಸ್ಯಾಹಾರಿಗಳೇ. ತೊಡಕಿದ್ದದ್ದು ತರಕಾರಿಗಳಲ್ಲೇ. ಅಕ್ಕನಿಗೆ ಬದನೆಕಾಯಿಯ ಬೀಜ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಭಾವನಿಗೆ ಟೊಮೆಟೊ ಎಂದರೆ ಆಗದು. ಬೆಂಡೆಕಾಯಿಯ ಲೋಳೆ ಸ್ವತಃ ಅವನಿಗೇ ಸೇರದು.

ಗ್ರಂಥಾಲಯಕ್ಕೆ ಹೋಗಿ ಅವಳನ್ನೂ ಕೇಳಿದ. ಹೊಲಿಗೆ ಬಿಚ್ಚಿದ ಒಂದು ದಪ್ಪ ಪುಸ್ತಕಕ್ಕೆ ಅವಳು ದಾರ ಪೋಣಿಸುತ್ತಿದ್ದಳು.

"ಅಮ್ಮನಿಗೆ ಮಾತ್ರ ಕುಂಬಳಕಾಯಿ ತೋರಿಸ್ಬೇಡಿ. ಕಷ್ಟದ ಕಾಲದಲ್ಲಿ ಎರಡು ವರ್ಷ ಅದನ್ನೇ ತಿಂದು ಬದುಕಿದ್ದು."

"ನಿಮಗೆ?"

"ನಂಗೆಲ್ಲಾ ಆಗುತ್ತೆ" ಎಂದು ದಾರವನ್ನು ಹಲ್ಲಿನಲ್ಲಿ ಕಡಿದಳು.

ಆ ವಾರವೆಲ್ಲ ಚಕ್ರ ತಿರುಗುತ್ತಿರಲು ಅವನ ಕಣ್ಣೆದುರು ಒಂದು ಮೇಜು ತೇಲಿಬರುತ್ತಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ, ಕಿಟಕಿಯ ಬಿಸಿಲು, ಆವಿಯಾಡುವ ಪಾತ್ರೆಗಳು. ಬದನೆಕಾಯಿ ಬಂದರೆ ಅಕ್ಕನ ಮುಖ ಗೋಡೆಯ ಕಡೆ ತಿರುಗುತ್ತಿತ್ತು. ಪಾತ್ರೆ ತಾನಾಗಿಯೇ ಹಿಂದೆ ಸರಿದು ಮಾಯವಾಗುತ್ತಿತ್ತು. ಟೊಮೆಟೊ ಬಂದಷ್ಟೇ ವೇಗದಲ್ಲಿ ಹೋಗುತ್ತಿತ್ತು. ಕುಂಬಳಕಾಯಿಯಂತೂ ಬಾಗಿಲಲ್ಲೇ ನಿಲ್ಲುತ್ತಿತ್ತು. ಅಳೆದೂ ಸುರಿದೂ ಕೊನೆಗೆ ಉಳಿದದ್ದು ಆಲೂಗಡ್ಡೆ. ಯಾರ ತಂಟೆಗೂ ಹೋಗದ, ಎಲ್ಲರ ಜೊತೆಗೂ ಹೊಂದಿಕೊಳ್ಳುವ ಸಾಧು ಸ್ವಭಾವದ ತರಕಾರಿ. ಅವನಿಗೆ ಯಾಕೋ ಅವಳೇ ನೆನಪಾದಳು.

ಭಾನುವಾರ ಬೆಳಗ್ಗೆ ಎದ್ದವನೇ ಆಲೂಗಡ್ಡೆಯ ಸೂಪು ಮಾಡಿದ. ಬೆಣ್ಣೆಯಲ್ಲಿ ಹೊಂಬಣ್ಣ ಬರುವಂತೆ ಒಂದಿಷ್ಟು ಹುರಿದ. ಬಟಾಣಿಯ ಜೊತೆ ಒಂದಿಷ್ಟು ಬೇಯಿಸಿದ. ಅನ್ನವಿತ್ತು, ಬ್ರೆಡ್ಡಿತ್ತು. ಪಕ್ಕದ ಮನೆಯಿಂದ ಮೂರು ಕುರ್ಚಿ ತಂದ.

ಅಕ್ಕ ಮುಖ ಊದಿಸಿಕೊಂಡೇ ಬಂದಳು. ತನ್ನನ್ನು ಒಂದು ಮಾತು ಕೇಳಲಿಲ್ಲವೆಂಬ ಸಿಟ್ಟು. ಮದುವೆಯ ಹೆಣ್ಣಿನ ತಾಯಿ ಸಂಭ್ರಮದಿಂದ ಎರಡೆರಡು ಸಲ ಬಡಿಸಿಕೊಂಡರು. ಭಾವ ತಲೆ ಎತ್ತದೆ ಉಂಡರು. ಕಿಟಕಿಯ ಬಿಸಿಲು, ಬೆಣ್ಣೆಯ ವಾಸನೆ, ಚಮಚಗಳ ಸದ್ದು. ವಾರವೆಲ್ಲ ಕಂಡ ಕನಸಿನೊಳಗೇ ತಾನು ಕೂತಿದ್ದೇನೆ ಎನ್ನಿಸಿತು ಅವನಿಗೆ.

ಆದರೆ ಗಾಜಿನ ಮೇಲಿನ ಕೂದಲೆಳೆಯ ಗೀರನ್ನೂ ಕಾಣುವ ಕಣ್ಣು ಅವನದು. ಅವಳು ಒಂದೊಂದೇ ಹೋಳನ್ನು ಅನ್ನದಡಿ ಸರಿಸುತ್ತಿದ್ದುದು ಕಂಡಿತು.

"ಯಾಕೆ, ಸೇರಲಿಲ್ವಾ?"

"ಇಲ್ಲ ಇಲ್ಲ, ಚೆನ್ನಾಗಿದೆ" ಎಂದಳು. ಆಮೇಲೆ ಚಮಚ ಕೆಳಗಿಟ್ಟಳು. "ಸುಳ್ಳು ಹೇಳಿದೆ. ನಂಗೆ ಆಲೂಗಡ್ಡೆ ಆಗಲ್ಲ. ಚಿಕ್ಕಂದಿನಿಂದ್ಲೂ ಆಗಲ್ಲ."

ಅವಳ ತಾಯಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಏನೇ ಇದು! ನಲವತ್ತು ವರ್ಷದಿಂದ ವಾರಕ್ಕೆ ನಾಲ್ಕು ದಿನ ಅದನ್ನೇ ಮಾಡಿ ಹಾಕಿದೀನಲ್ಲೇ?"

"ನೀನು ಅಷ್ಟು ಕಷ್ಟಪಟ್ಟು ಮಾಡ್ತಿದ್ದೆ. ಬೇಡ ಅಂತ ಹೇಗಮ್ಮಾ ಹೇಳಲಿ?"

"ಮತ್ತೆ ಈಗ್ಯಾಕೆ ಬಾಯಿ ಬಂತು?"

ಅವಳು ತಾಯಿಯನ್ನು ಬಿಟ್ಟು ಅವನ ಕಡೆ ನೋಡಿದಳು. ಕಿವಿ ಕೆಂಪಾಗಿದ್ದವು. "ಮದುವೆಯಾದ್ಮೇಲೆ ನಾನು ಇಲ್ಲೇ ಇರೋಳಲ್ವಾ? ಮೊದಲನೇ ದಿನವೇ ಸುಳ್ಳು ತಿಂದ್ರೆ ಕೊನೇವರೆಗೂ ಅದನ್ನೇ ತಿನ್ಬೇಕಾಗುತ್ತೆ."

ಅವನ ಅಡುಗೆಯ ಲೆಕ್ಕ ಪೂರ್ತಿ ಕೆಟ್ಟಿತ್ತು, ಎದೆ ಮಾತ್ರ ಹತ್ತಿಯಷ್ಟು ಹಗುರಾಗಿತ್ತು. ಬೇಡದ್ದನ್ನು ಬೇಡವೆನ್ನಲು ಇವಳಿಗೆ ಬರುತ್ತದೆ. ಹಾಗಾದರೆ ಆವತ್ತಿನ "ಆಗಲಿ"?

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ" ಎಂದರು ಭಾವ, ಹುರಿದ ಆಲೂಗಡ್ಡೆಯ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತ. "ನೋಟದ ಕೆಲಸ ಇವನು ನೋಡ್ಕೋತಾನೆ. ಊಟ ನಿನ್ನಿಷ್ಟದ್ದು ಮಾಡ್ಕೊಳಮ್ಮಾ."

ಅಕ್ಕ ಎದ್ದಳು. ಸಿಟ್ಟಿನಿಂದ ಹೊರಟೇಬಿಟ್ಟಳೇನೋ ಎಂದು ಅವನೂ ಅರ್ಧ ಎದ್ದ. ಅವಳು ಹೋದದ್ದು ಅಡುಗೆಮನೆಗೆ.

"ಏನಿದೆಯೋ ಮನೇಲಿ?"

"ಅರ್ಧ ಎಲೆಕೋಸು..."

"ಬಾರೇ ಇಲ್ಲಿ" ಎಂದು ಅಕ್ಕ ಮದುವೆಯ ಹೆಣ್ಣನ್ನೇ ಕರೆದಳು. "ಎಲೆಕೋಸಾದ್ರೂ ಆಗುತ್ತೋ, ಇಲ್ಲ ಅದಕ್ಕೂ ಸುಳ್ಳು ಹೇಳ್ತೀಯೋ?"

"ಆಗುತ್ತೆ. ಮೆಣಸಿನಪುಡಿ ಜಾಸ್ತಿ ಇರಬೇಕು."

ಚಾಕುವಿನ ಸದ್ದು ಕೇಳಿತು. ಎಣ್ಣೆ ಚುರುಗುಟ್ಟಿತು. ನೀರಿನ ಜಗ್ಗು ತುಂಬಿಕೊಳ್ಳಲು ಹೋದವನು ಅಕ್ಕನ ಪಿಸುದನಿ ಕೇಳಿ ಬಾಗಿಲ ಬಳಿಯೇ ನಿಂತ.

"ಹೊರಗಡೆ ಹೇಳ್ಬೇಡ. ನಂಗೆ ಟೊಮೆಟೊ ಅಂದ್ರೆ ಪ್ರಾಣ. ಇವರಿಗೋಸ್ಕರ ಇಪ್ಪತ್ತೆಂಟು ವರ್ಷದಿಂದ ಮನೆಗೇ ತಂದಿಲ್ಲ."

"ಅಯ್ಯೋ! ತಿಂದೇ ಇಲ್ವಾ?"

"ಮಾರ್ಕೆಟ್ಟಿಗೆ ಹೋದಾಗ ಒಂದು ಕೊಂಡು, ನಿಂತಲ್ಲೇ ತಿಂದು, ಬಾಯಿ ಒರೆಸ್ಕೊಂಡು ಬರ್ತೀನಿ."

ಇಬ್ಬರೂ ಬಾಯಿಗೆ ಸೆರಗು ಒತ್ತಿ ನಕ್ಕರು. ಅವನು ಖಾಲಿ ಜಗ್ಗಿನೊಂದಿಗೇ ಹೆಜ್ಜೆ ಸಪ್ಪಳವಾಗದಂತೆ ಹಿಂತಿರುಗಿದ.

ಊಟ ಮುಗಿಯುವಷ್ಟರಲ್ಲಿ ಬಿಸಿಲು ಗೋಡೆ ಹತ್ತಿತ್ತು. ಅವಳ ತಾಯಿ ಕುರ್ಚಿಯಲ್ಲೇ ತೂಕಡಿಸುತ್ತ, ನಿದ್ದೆಯಲ್ಲೂ "ನಲವತ್ತು ವರ್ಷ" ಎಂದು ಗೊಣಗಿದರು. ಭಾವ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಮುಂದಿನ ತಿಂಗಳೇ ಮದುವೆ ಎಂದು ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ತೀರ್ಮಾನ ಹೇಳಿದಳು. ಹಾಗೆಯೇ ಆಯಿತು ಕೂಡ. ಆದರೆ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನು ಇರಲಿಲ್ಲ. ಮದುವೆಯ ಹೆಣ್ಣು ತೊಳೆದು ಕೊಟ್ಟ ತಟ್ಟೆಯನ್ನು ಬೆಳಕಿಗೆ ಹಿಡಿದು, ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದ. "ಸಾಕು ಬಿಡಿ, ಸವೆದುಹೋಗುತ್ತೆ" ಎಂದು ಅವಳು ಇನ್ನೊಂದನ್ನು ಅವನ ಕೈಗಿಟ್ಟಳು.