ಅಜ್ಜಿಯ ಬೀಜದ ನಾಲ್ಕು ಗಿಡ

ಆಗೆಲ್ಲ ಟೊಮೇಟೊ ಬೀಜವನ್ನು ಪೊಟ್ಟಣದಲ್ಲಿ ಕೊಳ್ಳುತ್ತಾರೆಂಬುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ತನ್ನ ತವರೂರು ಹೆಡತಲೆಯಿಂದ ಸೊಸೆಯಾಗಿ ಬರುವಾಗ ತಂದ ನಾಟಿ ಬೀಜವೇ ವರ್ಷವರ್ಷವೂ ಹಿತ್ತಲಲ್ಲಿ ಮುಂದುವರಿಯುತ್ತಿತ್ತು. ಬೀಜವನ್ನು ಸಗಣಿಯಲ್ಲಿ ಕಲಸಿ ಬಿಲ್ಲೆ ಮಾಡಿ ಅಡುಗೆಮನೆ ಗೋಡೆಗೆ ತಟ್ಟಿಬಿಟ್ಟರೆ ಹುಳ ಮುಟ್ಟುತ್ತಿರಲಿಲ್ಲ. ಆ ಹಣ್ಣಿನ ಗೊಜ್ಜಿನ ಹುಳಿ ನೆನೆದರೆ ಈಗಲೂ ನನ್ನ ಬಾಯಲ್ಲಿ ನೀರೂರುತ್ತದೆ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಮಳೆಗೆ ಗೋಡೆ ನೆನೆದು ಬೀಜವೆಲ್ಲ ಮುಗ್ಗಿಹೋಯಿತು. ಮೊಳೆತದ್ದು ನಾಲ್ಕೇ ಸಸಿ.

"ಇವು ಕಾಯಿ ಕಟ್ನಿಲ್ಲ ಅಂದ್ರೆ ನಮ್ಮನೆ ಬೀಜ ಮುಗೀತು ಕಣವ್ವ," ಅಂದಳು ಅಜ್ಜಿ.

ಅದು ಹೇಗೆ ಕಟ್ಟುವುದಿಲ್ಲವೋ ನೋಡೇ ಬಿಡುತ್ತೇನೆ ಎಂದು ನಾನು ಟೊಂಕ ಕಟ್ಟಿ ನಿಂತೆ. ಬೆಳಿಗ್ಗೆ ಕೊಟ್ಟಿಗೆಯ ಗಂಜಲ, ಸಂಜೆ ಎರಡು ಕೊಡ ನೀರು. ಗಿಡಗಳು ನನ್ನೆತ್ತರಕ್ಕೆ ಬೆಳೆದವು. ಮುಟ್ಟಿದರೆ ಕೈಯೆಲ್ಲ ಘಾಟು. ಹಳದಿ ಹೂವೂ ಬಂತು. ಬಂದದ್ದೆಲ್ಲ ತೊಟ್ಟು ಕಳಚಿ ಉದುರಿತು. ದೃಷ್ಟಿಯಾಗಿದೆ ಎಂದು ಅವ್ವ ಗಿಡದ ಕೋಲಿಗೆ ಹಳೇ ಚಪ್ಪಲಿ ಕಟ್ಟಿದಳು. ನಾನು ಗಂಜಲವನ್ನು ಇನ್ನೊಂದು ಚೊಂಬು ಹೆಚ್ಚಿಸಿದೆ.

ಮಲ್ಲಿಗೆ ತೋಟದ ಕೆಲಸಕ್ಕೆ ಹೋಗುತ್ತಿದ್ದ ಪಕ್ಕದ ಮನೆಯ ಪುಟ್ಟತಾಯಕ್ಕ ಬೇಲಿಯಾಚೆಯಿಂದ ನೋಡಿ ನಕ್ಕಳು. "ಬಸ್ರೇ ಆಗಿಲ್ಲ, ಆಗ್ಲೇ ಬಾಣ್ತನ ಮಾಡ್ತಿದ್ದೀಯಲ್ಲವ್ವ."

"ಇನ್ನೇನ್ ಮಾಡ್ಲಕ್ಕ?"

"ನಾವು ಮಲ್ಗೆ ಗಿಡುಕ್ಕೆ ನೀರ್ ನಿಲ್ಸಿ, ಎಲೆ ತರ್ದು ಬಾಡುಸ್ತೀವಿ. ಆಮೇಲೇ ಮೊಗ್ಗು ಬರಾದು. ಗಂಜ್ಲ ನಿಲ್ಸು. ನೀರ ಮೂರು ದಿನುಕ್ಕೊಂದ್ಸಲ ಕೊಡು. ಒತ್ತೇರುದ್ ಮೇಲೆ ಊವಿನ ಗೊಂಚ್ಲ ಬೆರಳಲ್ಲಿ ಮೆಲ್ಗೆ ತಟ್ಟು, ಪುಡಿ ಉದುರ್ಲಿ."

ಅವಳು ಹೇಳಿದಂತೆಯೇ ಮಾಡಿದೆ, ಎಲೆ ಬಾಡಿತು. ಕೊಡ ಎತ್ತಿಕೊಂಡು ಹೋಗಿ ಹಾಗೇ ವಾಪಸು ಬಂದ ದಿನಗಳೆಷ್ಟೋ. ದಸರಾ ರಜೆಯಲ್ಲಿ ಮನೆಯವರು ಮೈಸೂರಿಗೆ ಜಂಬೂಸವಾರಿ ನೋಡಲು ಹೊರಟರು. ನಾನು ಬರುವುದಿಲ್ಲ ಎಂದೆ.

"ಒಂದಿನ ತಟ್ನಿಲ್ಲ ಅಂದ್ರೆ ಏನಾದ್ದು?" ಎಂದು ಅವ್ವ ಗದರಿದಳು. ನಾನು ಜಗ್ಗಲಿಲ್ಲ, ಅಜ್ಜಿಯ ಜೊತೆ ಉಳಿದೆ.

ಅವತ್ತು ಹತ್ತು ಗಂಟೆ ಬಿಸಿಲಲ್ಲಿ ಗೊಂಚಲು ತಟ್ಟುವಾಗ, ಒಣಗಿದ ಹೂವೊಂದು ಉದುರದೆ ತೊಟ್ಟಿನಲ್ಲೇ ನಿಂತಿತ್ತು. ಬಿಡಿಸಿ ನೋಡಿದರೆ ಒಳಗೆ ಮೆಣಸಿನ ಕಾಳಿನಷ್ಟು ಹಸಿರು ಕಾಯಿ. ಅಜ್ಜಿಯನ್ನು ಕೈಹಿಡಿದು ಎಳೆದು ತಂದೆ. ಅವಳು ಬಗ್ಗಿ ನೋಡಿ ನನ್ನ ತಲೆ ಸವರಿದಳು. ಅಂಬಾರಿ ತಪ್ಪಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಮೊದಲು ಕೆಂಪಾದ ಎರಡು ಹಣ್ಣನ್ನು ಅಜ್ಜಿ ಗೊಜ್ಜಿಗೆ ಕೊಡಲಿಲ್ಲ. ನನ್ನ ಕೈಯಿಂದಲೇ ಬೀಜ ಕಲಸಿಸಿ ಗೋಡೆಗೆ ತಟ್ಟಿಸಿದಳು.

ಅವಳು ಹೋದ ಮೇಲೆ, ನಂಜನಗೂಡಿನಲ್ಲಿ ಕೆಲಸಕ್ಕೆ ಸೇರಿದ ಹುರುಪಿನಲ್ಲಿ ನಾನು ಅಡುಗೆಮನೆಗೆ ಟೈಲ್ಸ್ ಹಾಕಿಸಿದೆ. ಗೋಡೆ ಕೆರೆಯುವಾಗ ಎದುರಿಗೇ ನಿಂತು, ಒಂದು ಚೂರೂ ಬಿಡಬೇಡಿ ಅಂದವಳೂ ನಾನೇ. ಬಿಲ್ಲೆ ನೆನಪಾದದ್ದು ಮುಂದಿನ ಸಲ ಸಸಿ ಹಾಕುವ ಹೊತ್ತಿಗೆ.

ಈಗ ತಾರಸಿಯ ಕುಂಡಗಳಲ್ಲಿ ಪೊಟ್ಟಣದ ಬೀಜ ಹಾಕಿ, ರಜೆಯ ದಿನ ಹತ್ತು ಗಂಟೆಗೆ ಗೊಂಚಲು ತಟ್ಟುತ್ತೇನೆ. ಕಾಯಿ ಜೋಲುವಷ್ಟು ಕಟ್ಟುತ್ತದೆ. ಗೊಜ್ಜಿಗೆ ಮಾತ್ರ ಹುಣಿಸೆಹಣ್ಣು ಹಿಂಡಬೇಕು.